ಕ್ರಿನಾನ್ ಕಾಲುವೆ: ಗುಡ್ಡದ ಮೇಲಿನ ನೀರಿನ ಲೆಕ್ಕ

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಕ್ರಿನಾನ್ ಕಾಲುವೆಯಲ್ಲಿ ಮಳೆ ಕೈಕೊಟ್ಟರೆ, ಜೊತೆಗೆ ಇನ್ನೊಂದು ದೋಣಿ ಸಿಗುವ ತನಕ ದೋಣಿಯನ್ನು ಲಾಕಿನ (ಎರಡು ಗೇಟುಗಳ ನಡುವೆ ನೀರು ತುಂಬಿ, ಬಿಟ್ಟು ದೋಣಿಯನ್ನು ಏರಿಸಿ ಇಳಿಸುವ ತೊಟ್ಟಿ) ಮುಂದೆ ಕಾಯಿಸುವುದುಂಟು. ಅದಕ್ಕೆ ಕಾರಣ ಕಾಲುವೆಯ ವಿನ್ಯಾಸದಲ್ಲೇ ಇದೆ.

ಕಿಂಟೈರ್ ಪರ್ಯಾಯದ್ವೀಪದ ತುದಿಯನ್ನು ಸುತ್ತುವ ಒರಟು ಕಡಲಹಾದಿ ತಪ್ಪಿಸಲೆಂದು 1793ರಲ್ಲಿ ಬ್ರಿಟನ್ನಿನ ಸಂಸತ್ತು ಕಾಲುವೆಗೆ ಒಪ್ಪಿತು. ಎಂಜಿನಿಯರ್ ಜಾನ್ ರೆನ್ನಿ ರೂಪಿಸಿದ್ದು 9 ಮೈಲಿ, 15 ಲಾಕು. ದುಡ್ಡು ಸಾಲದೆ 1801ರಲ್ಲಿ ಅರೆಬರೆಯಾಗಿಯೇ ತೆರೆದರು. ಕೆಲಸ ಮುಗಿದದ್ದು 1809ಕ್ಕೆ. ಆದರೂ ದಂಡೆ, ಗೇಟುಗಳ ತೊಂದರೆ ತಪ್ಪಲಿಲ್ಲ. 1816ರಲ್ಲಿ ಸರ್ಕಾರ ದುಡ್ಡು ಕೊಟ್ಟ ಮೇಲೆ ಇನ್ನೊಬ್ಬ ಎಂಜಿನಿಯರ್ ಥಾಮಸ್ ಟೆಲ್ಫೋರ್ಡ್ ದುರಸ್ತಿಗಿಳಿದರು.

ಅವರಿಗೂ ಬದಲಿಸಲಾಗದೆ ಉಳಿದದ್ದು ನೆತ್ತಿ, ಅಂದರೆ ಕಾಲುವೆಯ ಅತಿ ಎತ್ತರದ ತುಂಡು. ಕೇರ್ನ್‌ಬಾನಿನ 4 ಲಾಕು ಹತ್ತಿದರೆ ಸಮುದ್ರಮಟ್ಟದಿಂದ ಸುಮಾರು 20 ಮೀಟರ್ ಎತ್ತರ. ಅಲ್ಲಿ ಸುಮಾರು ಒಂದು ಕಿಲೋಮೀಟರ್ ಸಾಗುವಷ್ಟರಲ್ಲಿ ಡುನಾರ್ಡ್ರಿಯ 5 ಲಾಕುಗಳ ಇಳಿಜಾರು. ಈ ಗಿಡ್ಡ ತುಂಡಿಗೆ ನೀರು ಬರುವುದು ಗುಡ್ಡದ ಜಲಾಶಯಗಳಿಂದ. 1859ರ ಫೆಬ್ರವರಿಯಲ್ಲಿ ಅವುಗಳಲ್ಲೊಂದರ ಏರಿ ಒಡೆದು ನೀರು ಮಣ್ಣು ಕಲ್ಲಿನೊಂದಿಗೆ ಕಾಲುವೆಗೇ ನುಗ್ಗಿತ್ತು.

ಒಂದು ಲಾಕು ತುಂಬಲು ಲಕ್ಷಗಟ್ಟಲೆ ಲೀಟರ್ ಬೇಕು. ಒಂದು ಬದಿಯಿಂದ ಹತ್ತಿ ಇನ್ನೊಂದು ಬದಿ ಇಳಿಯುವ ದೋಣಿ ನೆತ್ತಿಯಿಂದ ಎರಡು ಲಾಕಿನಷ್ಟು ನೀರು ಎಳೆಯುತ್ತದೆ, ದೋಣಿ ಚಿಕ್ಕದಿರಲಿ ದೊಡ್ಡದಿರಲಿ, ಲಾಕಿನಲ್ಲಿ ಒಂದಿರಲಿ ಎರಡಿರಲಿ. ಹತ್ತಿದ ದೋಣಿ ಬಿಟ್ಟುಹೋದ ತುಂಬಿದ ಲಾಕಿನಲ್ಲೇ ಎದುರಿನದು ಇಳಿದರೆ ಒಂದು ಲಾಕಿನ ನೀರು ಉಳಿಯಿತು. ಆದ್ದರಿಂದ ಎದುರು ದೋಣಿ ಕಂಡರೆ ಲಾಕು ಖಾಲಿ ಮಾಡಬಾರದು.

ಸಮುದ್ರದಂಚಿನ ಲಾಕುಗಳನ್ನು ಸಿಬ್ಬಂದಿ ನಡೆಸುತ್ತಾರೆ. ಒಳಗಿನವು ಹೆಚ್ಚಾಗಿ ಕೈಯಲ್ಲೇ: ಹಿಡಿ ತಿರುಗಿಸಿ ತೂಬು ಎತ್ತುವುದು, ಉದ್ದನೆಯ ತೊಲೆಗೆ ಬೆನ್ನು ಕೊಟ್ಟು ಗೇಟು ನೂಕುವುದು. ಹತ್ತುವಾಗ ಕೆಳಗಿನ ಗೇಟು, ತೂಬು ಎರಡೂ ಮುಚ್ಚಿವೆಯೇ ಎಂದು ಮೊದಲು ನೋಡಿ. ಒಂದು ತೂಬು ಸಂದಿ ಬಿಟ್ಟಿದ್ದರೂ ನೆತ್ತಿಯ ನೀರು ಸುಮ್ಮನೆ ಹರಿದುಹೋಗುತ್ತದೆ. ಮೇಲಿನ ತೂಬನ್ನು ಮೊದಲು ಕಾಲುಭಾಗ ಮಾತ್ರ ಎತ್ತಬೇಕು. ಪೂರ್ತಿ ಎತ್ತಿದರೆ ನೀರು ನುಗ್ಗಿ ದೋಣಿಯ ಮೂತಿ ಹೊರಳುತ್ತದೆ, ಮುಂದಿನ ಹಗ್ಗ ಹಿಡಿದವರ ಕೈಸುಲಿಯುತ್ತದೆ. ಎರಡೂ ಬದಿ ನೀರು ಸಮವಾಗದೆ ಗೇಟು ಅಲುಗದು, ತಳ್ಳಾಡಿ ಪ್ರಯೋಜನವಿಲ್ಲ.

ಇಳಿಯುವಾಗ ಅಪಾಯ ಬೇರೆ. ಹಗ್ಗವನ್ನು ದಡದ ಗೂಟಕ್ಕೆ ಸುತ್ತಿ ತುದಿಯನ್ನು ದೋಣಿಗೇ ತಂದು ಕೈಯಲ್ಲಿ ಹಿಡಿದು ಸಡಿಲಿಸುತ್ತಿರಬೇಕು. ಗಂಟು ಹಾಕಿದರೆ ನೀರು ಇಳಿದಂತೆ ದೋಣಿ ಹಗ್ಗದಲ್ಲಿ ನೇತಾಡುತ್ತದೆ. ಹಿಂಭಾಗವನ್ನು ಮೇಲಿನ ಗೇಟಿನಿಂದ ದೂರವಿಡಿ: ಅದರಡಿಯ ಕಲ್ಲಿನ ಹೊಸ್ತಿಲಿಗೆ ಸಿಕ್ಕಿಕೊಂಡರೆ ದೋಣಿ ವಾಲಿ ಮುಳುಗಬಹುದು. ಹಾಗಾದರೆ ತಕ್ಷಣ ಕೆಳತೂಬು ಮುಚ್ಚುವುದೇ ಮೊದಲ ಕೆಲಸ.

ರಾತ್ರಿ ತಂಗಲು ಲಾಕುಗಳ ನಡುವಿನ ಗಿಡ್ಡ ತುಂಡುಗಳು ಬೇಡ. ಯಾರೋ ಲಾಕು ತುಂಬಿದರೆ ಅಲ್ಲಿನ ಮಟ್ಟ ಕುಸಿದು ದೋಣಿಯ ತಳ ಕೆಸರಿಗೆ ಕೂರುತ್ತದೆ. ಗೊತ್ತುಮಾಡಿದ ಕಟ್ಟೆಯಲ್ಲೂ ಹಗ್ಗ ಬಿಗಿಯದೆ ಸ್ವಲ್ಪ ಸಡಿಲ ಬಿಡಿ.