ಚಿಕ್ಕದರ ಬೆನ್ನು, ದೊಡ್ಡದರ ಕಾಲು: ಇಬ್ಬರು ಮಕ್ಕಳಿಗೆ ಯಾವ ಗಾಡಿ?

‘ಸಾರ್, ಎರಡಕ್ಕೂ ಸೇರಿ ಒಂದು ಡಬಲ್ ಗಾಡಿ ತಗಂಡ್ರೆ ಹೆಂಗೆ?’

ಎರಡನೇ ಮಗುವಿನ ಲಸಿಕೆಗೆ ಬರುವ ದಾವಣಗೆರೆಯ ಅಪ್ಪ ಅಮ್ಮಂದಿರು ಈಚೆಗೆ ಹೀಗೆ ಕೇಳುವುದು ಜಾಸ್ತಿಯಾಗಿದೆ. ತೊಡೆ ಮೇಲೆ ಮೂರು ತಿಂಗಳ ಕೂಸು, ಮೇಜಿನ ಮೇಲಿದ್ದುದನ್ನೆಲ್ಲ ಎಳೆಯುತ್ತಿರುವ ಎರಡು ವರ್ಷದ ದೊಡ್ಡದು, ಮೊಬೈಲಿನಲ್ಲಿ ಇಬ್ಬರನ್ನು ಕೂರಿಸಿ ತಳ್ಳುವ ಜೋಡಿ ಸ್ಟ್ರಾಲರ್‌ನ ಫೋಟೊ. ಮಕ್ಕಳ ವೈದ್ಯನಾಗಿ ನಾನು ಹೇಳುವುದು ಇಷ್ಟು: ಅವಳಿ ಮಕ್ಕಳಲ್ಲದಿದ್ದರೆ ಜೋಡಿ ಗಾಡಿ ಬೇಡ. ಪೂರ್ತಿ ಮಲಗಿಸಲು ಬರುವ ಒಂಟಿ ಸೀಟಿನ ಗಾಡಿ ಒಂದು, ಕೂಸನ್ನು ಮೈಗೆ ಕಟ್ಟಿಕೊಳ್ಳುವ ಒಳ್ಳೆಯ ಕ್ಯಾರಿಯರ್ ಒಂದು ಇದ್ದರೆ ಸಾಕು. ಸಾಮಾನ್ಯವಾಗಿ ಎರಡೂ ಸೇರಿ ಜೋಡಿ ಗಾಡಿಗಿಂತ ಕಡಿಮೆ ದುಡ್ಡಿಗೆ ಬರುತ್ತವೆ.

ಅಕ್ಕಪಕ್ಕ ಸೀಟಿರುವ ಜೋಡಿ ಗಾಡಿ ಸುಮಾರು ಎರಡೂವರೆ ಅಡಿ ಅಗಲ. ನಮ್ಮ ಮನೆಗಳ ಒಳಬಾಗಿಲೂ ಹೆಚ್ಚುಕಡಿಮೆ ಅಷ್ಟೇ. ಹಿಂದೆ ಮುಂದೆ ಸೀಟಿರುವುದು ಅಗಲದಲ್ಲಿ ಪರವಾಗಿಲ್ಲ, ಆದರೆ ಉದ್ದ ಮತ್ತು ಭಾರ. ಚರಂಡಿ ಮೇಲಿನ ಚಪ್ಪಡಿ ದಾಟಿಸಲು ಇಬ್ಬರು ಬೇಕು. ಮಡಚಿದರೂ ಆಟೊದಲ್ಲಿ ಕಾಲಿಡಲು ಜಾಗ ಉಳಿಯುವುದಿಲ್ಲ. ಪಿ.ಜೆ. ಬಡಾವಣೆಯ ಅಗಲ ರಸ್ತೆಯಲ್ಲಿ ಹೇಗೋ ತಳ್ಳಬಹುದು. ಹಳೇಪೇಟೆಯ ಓಣಿಗಳಲ್ಲಿ, ಸಂಜೆ ಮಂಡಿಪೇಟೆಯ ಗದ್ದಲದಲ್ಲಿ ಆಗುವ ಮಾತಲ್ಲ. ಓಡಾಟವೆಲ್ಲ ಸ್ಕೂಟರಿನಲ್ಲೇ ಆಗಿದ್ದರೆ ಯಾವ ಗಾಡಿಯೂ ಜೊತೆಗೆ ಬರುವುದಿಲ್ಲ. ಅಂಥವರು ಮನೆಯ ಆಸುಪಾಸಿನ ಬಳಕೆಗಷ್ಟೇ ಲೆಕ್ಕ ಹಾಕಿ.

ಕೊಳ್ಳುವಾಗ ಮೊದಲು ನೋಡಬೇಕಾದದ್ದು ಚಿಕ್ಕದರ ಬೆನ್ನು. ಆರು ತಿಂಗಳೊಳಗಿನ ಕೂಸಿನ ತಲೆ ಮೈಗೆ ಹೋಲಿಸಿದರೆ ಭಾರ, ಕತ್ತಿನ ಸ್ನಾಯುಗಳಿಗೆ ಬಲ ಇನ್ನೂ ಕೂಡುತ್ತಿರುತ್ತದೆ. ನೆಟ್ಟಗಿರುವ ಸೀಟಿನಲ್ಲಿ ನಿದ್ದೆ ಹತ್ತಿದರೆ ತಲೆ ಮುಂದಕ್ಕೆ ಬಾಗಿ ಗದ್ದ ಎದೆಗೆ ಒತ್ತುತ್ತದೆ, ಮೆತ್ತಗಿರುವ ಶ್ವಾಸನಾಳ ಮಡಚಿಕೊಳ್ಳುತ್ತದೆ. ಆಗ ಕೂಸು ಅಳುವುದಿಲ್ಲ, ಒದ್ದಾಡುವುದೂ ಕಾಣುವುದಿಲ್ಲ. ನಿದ್ದೆ ಮಾಡುತ್ತಿದೆ ಎಂದೇ ನಾವು ಅಂದುಕೊಳ್ಳುತ್ತೇವೆ. ನನಗೆ ಭಯವಿರುವುದು ಇದರದ್ದೇ. ಮಕ್ಕಳ ಗಾಡಿಗಳಿಗೆಂದೇ ಇರುವ ಯುರೋಪಿನ ಇಎನ್ 1888 ಸುರಕ್ಷತಾ ಮಾನದಂಡದ ಪ್ರಕಾರ ಆರು ತಿಂಗಳೊಳಗಿನ ಮಕ್ಕಳ ಸೀಟನ್ನು ಪೂರ್ತಿ ಹಿಂದಕ್ಕೆ ವಾಲಿಸಿದಾಗ ಕೂರುವ ಭಾಗಕ್ಕೂ ಬೆನ್ನಿನ ಆಸರೆಗೂ ನಡುವಿನ ಕೋನ ಕನಿಷ್ಠ 150 ಡಿಗ್ರಿ ಇರಬೇಕು.

ಪೆಟ್ಟಿಗೆಯ ಮೇಲೆ ‘0ಯಿಂದ 3 ವರ್ಷ’ ಎಂದು ಅಚ್ಚಾಗಿದ್ದರೆ ಅದನ್ನೇ ನಂಬಬೇಡಿ. ಅಂಗಡಿಯಲ್ಲೇ ಸೀಟನ್ನು ಪೂರ್ತಿ ಹಿಂದಕ್ಕೆ ವಾಲಿಸಿ, ಅಂಗೈಯಿಂದ ನಡುವೆ ಗಟ್ಟಿಯಾಗಿ ಒತ್ತಿ. ಬಟ್ಟೆ ಜೋಳಿಗೆಯಂತೆ ಕುಸಿದರೆ ಆ ಗಾಡಿ ಕೂರಲು ಕಲಿತ ಮಗುವಿಗೆ ಸರಿ, ಕೂಸಿಗಲ್ಲ. ಅಡಿಯಲ್ಲಿ ಹಲಗೆಯಂಥ ಗಟ್ಟಿ ಆಧಾರ ಕೈಗೆ ಸಿಗಬೇಕು. ಆಮೇಲೆ ಕೂಸನ್ನು ಮಲಗಿಸಿ ಗದ್ದ ಮತ್ತು ಎದೆಯ ನಡುವೆ ಎರಡು ಬೆರಳು ಸಲೀಸಾಗಿ ಹೋಗುತ್ತವೆಯೇ ನೋಡಿ. ಹೋಗದಿದ್ದರೆ ದಿಂಬು ಇಟ್ಟು ಸರಿಮಾಡಲು ಹೋಗಬೇಡಿ, ದಿಂಬಿನಿಂದ ಕತ್ತು ಇನ್ನಷ್ಟು ಮುಂದಕ್ಕೆ ಬಾಗುತ್ತದೆ. ಗಾಡಿಯಲ್ಲೇ ನಿದ್ದೆ ಹೋದ ಕೂಸನ್ನು ಮನೆ ಮುಟ್ಟಿದ ಮೇಲೆ ಸಮತಟ್ಟಾದ ಹಾಸಿಗೆಗೆ ಸಾಗಿಸಿ.

ಇನ್ನು ದೊಡ್ಡದು. ಎರಡು ವರ್ಷದ ಮಗು ಸುಮಾರು 12 ಕೆ.ಜಿ., ಮೂರು ವರ್ಷಕ್ಕೆ ಹತ್ತಿರ ಹತ್ತಿರ 14. ಕಡಿಮೆ ಬೆಲೆಯ ಅನೇಕ ಗಾಡಿಗಳ ಮಿತಿ 15 ಕೆ.ಜಿ. ಅಂದರೆ ದೊಡ್ಡದಕ್ಕೆಂದು ದುಬಾರಿ ಎರಡನೇ ಸೀಟು ಕೊಂಡರೆ ಅದು ಉಪಯೋಗಕ್ಕೆ ಬರುವುದು ಒಂದು ವರ್ಷವೋ ಒಂದೂವರೆ ವರ್ಷವೋ. ಆ ವಯಸ್ಸಿಗೆ ಬೇಕಾದದ್ದು ನಡಿಗೆ. ಕುಂದವಾಡ ಕೆರೆ ಏರಿಯ ಮೇಲೋ ಗಾಜಿನ ಮನೆಯ ಅಂಗಳದಲ್ಲೋ ಅದನ್ನು ಓಡಲು ಬಿಡಿ, ಕೂಸು ಗಾಡಿಯಲ್ಲಿರಲಿ. ದೊಡ್ಡದು ಕಾಲು ಸೋತು ‘ಎತ್ಕ’ ಎಂದು ಹಟ ಹಿಡಿದಾಗ ಅದಲು ಬದಲು ಮಾಡಿ: ಕೂಸು ಕ್ಯಾರಿಯರಿಗೆ, ದೊಡ್ಡದು ಗಾಡಿಗೆ. ಸಿಸೇರಿಯನ್ ಆದ ತಾಯಂದಿರಿಗೆ ಮೊದಲ ಆರು ವಾರ 12 ಕೆ.ಜಿ. ಎತ್ತುವುದು ಸಲ್ಲದು. ಆಗ ದೊಡ್ಡದನ್ನು ಎತ್ತಿ ಕೂರಿಸುವ ಕೆಲಸ ಅಪ್ಪನದ್ದಾಗಲಿ.

ಕ್ಯಾರಿಯರಿನಲ್ಲಿ ಕೂಸಿನ ಮಂಡಿ ಕುಂಡೆಗಿಂತ ತುಸು ಮೇಲಿರಬೇಕು, ತೊಡೆಗೆ ಪೂರ್ತಿ ಆಧಾರ ಸಿಗಬೇಕು. ನಮ್ಮ ಅಜ್ಜಿಯರು ಸೊಂಟದ ಮೇಲೆ ಕೂರಿಸಿಕೊಳ್ಳುತ್ತಿದ್ದರಲ್ಲ, ಕಾಲು ಅಗಲಿಸಿದ ಆ ಭಂಗಿ ಬೆಳೆಯುವ ಸೊಂಟದ ಕೀಲಿಗೆ ಒಳ್ಳೆಯದು. ಕಾಲು ನೇರ ಜೋತಾಡುವ ಚೀಲ ಬೇಡ. ಕೂಸಿನ ಮುಖ ಸದಾ ನಿಮಗೆ ಕಾಣಬೇಕು, ಮೂಗಿಗೆ ಬಟ್ಟೆ ತಾಗಬಾರದು. ಚಿತ್ರದುರ್ಗದ ಕೋಟೆಗೆ ಹೋಗುವುದಿದ್ದರೆ ಗಾಡಿಯನ್ನು ಮನೆಯಲ್ಲೇ ಬಿಡಿ. ಆ ಕಲ್ಲಿನ ಮೆಟ್ಟಿಲುಗಳಿಗೆ ಕ್ಯಾರಿಯರೇ ಸರಿ.

ಒಂದು ಸೀಟಿನಲ್ಲಿ ಇಬ್ಬರನ್ನು ಮಾತ್ರ ಯಾವತ್ತೂ ಕೂರಿಸಬೇಡಿ. ಕೂಸು ಮಲಗಿರುವಾಗ ದೊಡ್ಡದು ಮುಂದಿನ ಕಾಲುಮಣೆ ಹತ್ತಿದರೆ ಗಾಡಿ ಮುಂದಕ್ಕೆ ಮಗುಚುತ್ತದೆ. ಹಿಡಿಕೆಗೆ ತರಕಾರಿ ಚೀಲ ನೇತುಹಾಕಿ ಕೂಸನ್ನು ಎತ್ತಿದರೆ ಹಿಂದಕ್ಕೆ ಮಗುಚುತ್ತದೆ. ತಲೆಗೆ ಏಟಾಗಿ ಬರುವ ಮಕ್ಕಳಲ್ಲಿ ಎಷ್ಟೋ ಸಲ ಕಥೆ ಇದೇ ಇರುತ್ತದೆ. ಚೀಲಕ್ಕೆ ಸೀಟಿನ ಕೆಳಗಿನ ಬುಟ್ಟಿ ಇದೆ.

ಬೆಲ್ಟು ಐದು ಕಡೆ ಹಿಡಿಯುವಂಥದ್ದಾಗಿರಲಿ: ಎರಡು ಭುಜ, ಎರಡು ಸೊಂಟ, ಕಾಲುಗಳ ನಡುವೆ ಒಂದು. ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ ಬ್ರೇಕು ಹಿಡಿಯುತ್ತದೆಯೇ ನೋಡಿ. ಮಡಚುವ ಕೀಲುಗಳ ಹತ್ತಿರ ಮಗುವಿನ ಬೆರಳು ಹೋಗುವಂತಿರಬಾರದು. 2009ರಲ್ಲಿ ಅಮೆರಿಕದಲ್ಲಿ ಮೆಕ್ಲಾರೆನ್ ಎಂಬ ಸ್ಟ್ರಾಲರ್ ಕಂಪನಿ ಸುಮಾರು 10 ಲಕ್ಷ ಗಾಡಿಗಳ ಕೀಲಿಗೆ ಕವರ್ ಒದಗಿಸಬೇಕಾಗಿ ಬಂದದ್ದು ಮಕ್ಕಳ ಬೆರಳ ತುದಿ ತುಂಡಾದ ಪ್ರಕರಣಗಳಿಂದಲೇ. ಹೆಸರಾಂತ ಕಂಪನಿಯದ್ದೇ ಹಾಗಾದಾಗ ಅಗ್ಗದ ಗಾಡಿಯನ್ನು ಇನ್ನೂ ಹುಷಾರಾಗಿ ನೋಡಬೇಕು. ಬಿಚ್ಚುವಾಗ, ಮಡಚುವಾಗ ಮಕ್ಕಳಿಬ್ಬರೂ ದೂರವಿರಲಿ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಊರಿನ ಬಿಸಿಲಿಗೆ ಗಾಡಿಯ ಮೇಲೆ ಟವೆಲ್ಲೋ ಸೀರೆಯೋ ಹೊದಿಸುವುದು ರೂಢಿ. ತೆಳ್ಳಗಿನ ಬಟ್ಟೆಯಾದರೂ ಒಳಗೆ ಗಾಳಿ ಆಡದೆ ಬಿಸಿ ಏರುತ್ತದೆ, ಕೂಸೂ ಕಣ್ಣಿಗೆ ಬೀಳುವುದಿಲ್ಲ. ಗಾಡಿಯ ಚಾವಣಿಯೇ ಸಾಕು. ಹನ್ನೊಂದರಿಂದ ನಾಲ್ಕರವರೆಗೆ ಹೊರಗೆ ಹೋಗದಿದ್ದರೆ ಇನ್ನೂ ಒಳ್ಳೆಯದು.

ಕೊಳ್ಳಲು ಅವಸರ ಬೇಡ. ಬಾಣಂತನಕ್ಕೆ ಹರಿಹರಕ್ಕೋ ಚನ್ನಗಿರಿಗೋ ಜಗಳೂರಿಗೋ ತವರಿಗೆ ಹೋದವರು ಮೂರು, ಐದು ತಿಂಗಳು ಕಳೆದೇ ಬರುತ್ತಾರೆ. 6, 10, 14ನೇ ವಾರದ ಲಸಿಕೆಗೆ ಕೂಸು ಅಜ್ಜಿಯ ಮಡಿಲಲ್ಲೇ ಬರುತ್ತದೆ. ಅಷ್ಟರಲ್ಲಿ ನೆಂಟರ ಮನೆಯ ಅಟ್ಟದಲ್ಲಿ ಒಂದು ಗಾಡಿ ಸಿಕ್ಕರೂ ಸಿಗಬಹುದು. ಹಳೆಯದೆಂದು ಸಂಕೋಚ ಬೇಡ. ಬ್ರೇಕು, ಬೆಲ್ಟಿನ ಹೊಲಿಗೆ, ಮಡಚುವ ಲಾಕು, ಚಕ್ರದ ಪಿನ್ನು ಗಟ್ಟಿಯಿದ್ದರೆ ತೊಳೆದು ಬಳಸಿ. ಅದರ ಜೊತೆಗೆ ಅವರು ವಾಕರ್ ಕೊಟ್ಟರೆ ಮಾತ್ರ ಬೇಡ ಎನ್ನಿ. ಬೀಳುವ ಅಪಾಯ ಹೆಚ್ಚೆಂದು ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿದೆ, ನಡಿಗೆ ಕಲಿಯಲು ಅದರಿಂದ ಸಹಾಯವೂ ಇಲ್ಲ.

ಮನೆಯಲ್ಲಿ ಕಾರಿದ್ದರೆ ಹೀಗೆ ಉಳಿದ ದುಡ್ಡು ಮಕ್ಕಳ ಕಾರ್ ಸೀಟಿಗೆ ಹೋಗಲಿ. ಬೆಂಗಳೂರು ಹೆದ್ದಾರಿಯಲ್ಲಿ ಕೂಸನ್ನು ತೊಡೆ ಮೇಲೆ ಕೂರಿಸಿಕೊಂಡು ಹೋಗುವುದಕ್ಕಿಂತ ದೊಡ್ಡ ಅಪಾಯ ಈ ಗಾಡಿಗಳಲ್ಲಿ ಯಾವುದರಲ್ಲೂ ಇಲ್ಲ.