ಸಾಧಕರ ಗುಂಪಿಗೆ ಸೇರಿಕೊಂಡರೆ ನಾನೂ ಮುಂದೆ ಬರ್ತೀನಾ?

ಪ್ರಶ್ನೆ: ನನ್ನ ಸುತ್ತ ಇರುವವರಲ್ಲಿ ಯಾರಿಗೂ ಏನಾದರೂ ಮಾಡಬೇಕು ಅನ್ನುವ ಆಸೆಯೇ ಇಲ್ಲ. ಇವರನ್ನೆಲ್ಲ ಬಿಟ್ಟು ಸಾಧಿಸಿದವರ ಜೊತೆ ಸೇರಿಕೊಂಡರೆ ನಾನೂ ಮುಂದೆ ಬರ್ತೀನಾ?

ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ ಅಂತ ಗಾದೆ ಇದೆ. ಹಾಗಾದರೆ ಒಳ್ಳೆ ಸಹವಾಸದಿಂದ ಕೆಟ್ಟವನೂ ಉದ್ಧಾರ ಆಗಬೇಕಲ್ವಾ? ನಿಮ್ಮ ಪ್ರಶ್ನೆ ಅದೇ. ಪಕ್ಕದಲ್ಲಿ ಸುಮ್ನೆ ಕೂತರೆ ಏನೂ ಆಗುವುದಿಲ್ಲ, ಕೆಲವೊಮ್ಮೆ ನಷ್ಟವೂ ಆಗುತ್ತದೆ.

ಇದನ್ನು ಅಮೆರಿಕದ ವಾಯುಪಡೆ ಅಕಾಡೆಮಿಯಲ್ಲಿ ಮಾಡಿಯೇ ನೋಡಿದ್ದಾರೆ. ಅಲ್ಲಿ ಹೊಸ ಕೆಡೆಟ್‌ಗಳನ್ನು ಸುಮಾರು 30 ಜನರ ಸ್ಕ್ವಾಡ್ರನ್‌ಗಳಾಗಿ ಹಂಚುತ್ತಾರೆ. ವಾಸ, ಊಟ, ಓದು ಎಲ್ಲ ಒಟ್ಟಿಗೆ, ಮತ್ತೆ ಯಾರ ಜೊತೆ ಇರಬೇಕು ಅನ್ನುವುದು ಕೆಡೆಟ್‌ಗಳ ಕೈಯಲ್ಲಿಲ್ಲ. (ಇದು ಮುಖ್ಯ. ಹೊರಗಡೆ ಓದುವವರು ಓದುವವರನ್ನೇ ಹುಡುಕಿಕೊಳ್ಳುತ್ತಾರೆ, ಹಾಗಾಗಿ ಯಾರಿಂದ ಯಾರು ಬದಲಾದರು ಅಂತ ಹೇಳುವುದೇ ಕಷ್ಟ.) ಹಳೆಯ ದಾಖಲೆಗಳಲ್ಲಿ, ಜಾಣರು ಜಾಸ್ತಿ ಇದ್ದ ಗುಂಪಿಗೆ ಬಿದ್ದವರ ಅಂಕ ಏರಿದ್ದು ಕಂಡಿತ್ತು. ಸರಿ, ಬೇಕಂತಲೇ ಬೆರೆಸೋಣ ಅಂತ ಅರ್ಥಶಾಸ್ತ್ರಜ್ಞ ಸ್ಕಾಟ್ ಕ್ಯಾರೆಲ್ ಮತ್ತು ಅವರ ಜೊತೆಗಾರರು ಓದಿನಲ್ಲಿ ಹಿಂದಿದ್ದವರನ್ನು ಜಾಣರೇ ತುಂಬಿದ ಗುಂಪುಗಳಿಗೆ ಹಾಕಿದರು, ನಡುಮಟ್ಟದವರನ್ನು ಬೇರೆ ಕಡೆ ಇಟ್ಟರು. 2013ರಲ್ಲಿ ಪ್ರಕಟವಾದ ಫಲಿತಾಂಶ ನೋಡಿದರೆ ಎಲ್ಲ ಉಲ್ಟಾ. ಹಿಂದಿದ್ದವರು ಇನ್ನೂ ಹಿಂದೆ ಬಿದ್ದಿದ್ದರು! ಒಂದೇ ಸ್ಕ್ವಾಡ್ರನ್‌ನಲ್ಲಿದ್ದರೂ ಜಾಣರು ಜಾಣರ ಜೊತೆ ಕೂತರು, ಉಳಿದವರು ಉಳಿದವರ ಜೊತೆ.

ಸಾಧಕರ ವಾಟ್ಸಾಪ್ ಗುಂಪಿಗೆ ಸೇರಿ ಮೂಲೆಯಲ್ಲಿ ಕೂರುವುದೂ ಇದೇ ಕಥೆ ಅಂತ ನನಗನ್ನಿಸುತ್ತದೆ.

ಜಾಗದ ವಿಷಯ ಬೇರೆ. 1994ರಿಂದ 1998ರವರೆಗೆ ಅಮೆರಿಕದ ಐದು ನಗರಗಳಲ್ಲಿ, ಬಡ ಕುಟುಂಬಗಳಿಗೆ ಬಡತನ ಕಡಿಮೆಯಿರುವ ಬಡಾವಣೆಗೆ ಹೋಗಲು ಲಾಟರಿ ಮೂಲಕ ಬಾಡಿಗೆ ನೆರವು ಕೊಟ್ಟರು. 13 ವರ್ಷ ತುಂಬುವ ಮೊದಲೇ ಹೋದ ಮಕ್ಕಳು ದೊಡ್ಡವರಾದ ಮೇಲೆ ಸುಮಾರು 31% ಜಾಸ್ತಿ ದುಡಿಯುತ್ತಿದ್ದರು. ಅಪ್ಪ ಅಮ್ಮಂದಿರ ದುಡಿಮೆ ಮಾತ್ರ ಹೆಚ್ಚಲಿಲ್ಲ. ಅಂದರೆ ವಾತಾವರಣ ಕೆಲಸ ಮಾಡುತ್ತದೆ, ಆದರೆ ನಿಧಾನಕ್ಕೆ, ವರ್ಷಗಟ್ಟಲೆ.

ಇನ್ನು ನಿಮ್ಮ ಗೆಳೆಯರು. 1950ರ ದಶಕದಲ್ಲಿ ಸಾಲಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞ, ಕಣ್ಣಿಗೆ ಕಾಣುವ ಗೆರೆಯ ಉದ್ದವನ್ನೇ ಎಲ್ಲರೂ ತಪ್ಪಾಗಿ ಹೇಳುವಂತೆ ಏರ್ಪಾಡು ಮಾಡಿ, ನಡುವೆ ಒಬ್ಬ ಅಮಾಯಕನನ್ನು ಕೂರಿಸಿದರು. ಸುಮಾರು ಮೂರರಲ್ಲಿ ಒಂದು ಸಲ ಅವನೂ ಗುಂಪಿನ ತಪ್ಪನ್ನೇ ಹೇಳಿದ. ಆದರೆ ಒಬ್ಬನೇ ಒಬ್ಬ ಸರಿ ಉತ್ತರ ಹೇಳುವ ಜೊತೆಗಾರ ಸಿಕ್ಕಾಗ, ಹಾಗೆ ತಪ್ಪು ಹೇಳುವುದು ಮೊದಲಿದ್ದದ್ದರ ಕಾಲು ಭಾಗಕ್ಕೆ ಇಳಿಯಿತು.

ಒಬ್ಬ ಸಾಕು, ನೋಡಿ. ಹಾಗಾಗಿ ಎಲ್ಲರನ್ನೂ ಬಿಟ್ಟು ಹೊರಡುವ ಅಗತ್ಯ ನನಗೆ ಕಾಣುವುದಿಲ್ಲ. ನಿಮ್ಮದೇ ಕೆಲಸ ಮಾಡುತ್ತಿರುವ, ನಿಮಗಿಂತ ಒಂದೆರಡು ಹೆಜ್ಜೆಯಷ್ಟೇ ಮುಂದಿರುವ ಒಬ್ಬರನ್ನು ಹುಡುಕಿ. ತುಂಬಾ ಮೇಲಿರುವವರು ಬೇಡ, ಆ ಸ್ಕ್ವಾಡ್ರನ್‌ಗಳಲ್ಲಿ ಇಲ್ಲದೇ ಹೋಗಿದ್ದು ನಡುವಿನವರೇ. ವಾರಕ್ಕೊಮ್ಮೆ ಮಾಡಿದ್ದನ್ನು ಅವರಿಗೆ ತೋರಿಸಿ, ಅವರು ಮಾಡಿದ್ದನ್ನು ಕೇಳಿ. ಹಳೆಯ ಗೆಳೆಯರ ಜೊತೆ ಹರಟೆ ಹೊಡೆಯುವುದಕ್ಕೆ ಭಾನುವಾರ ಇದ್ದೇ ಇದೆ.