ಅಜ್ಜನ ಜೋಡುನಳಿಗೆ ಕೋವಿಗೆ ಇಂದಿನ ತೋಟಾ ಹಾಕಬಹುದೇ?

ಪ್ರಶ್ನೆ: ಶಿರಸಿ ಸೀಮೆಯಲ್ಲಿದ್ದ ನಮ್ಮ ಅಜ್ಜ ಕಾಡುಕೋಳಿ ಬೇಟೆಗೆ ಬಳಸುತ್ತಿದ್ದ ಇಂಗ್ಲೆಂಡಿನ ಜೋಡುನಳಿಗೆ ಕೋವಿ, ಅಪ್ಪ ತೀರಿಕೊಂಡ ಮೇಲೆ, ಪುಣೆಯಲ್ಲಿ ನೆಲೆಸಿರುವ ನನ್ನ ಪಾಲಿಗೆ ಬಂದಿದೆ. ಹನ್ನೆರಡು ಬೋರಿನ (ಬೋರು ಎಂದರೆ ನಳಿಗೆಯ ಒಳಅಗಲದ ಅಳತೆ) ಈಗಿನ ತೋಟಾ ಅದರಲ್ಲಿ ಸಲೀಸಾಗಿ ಕೂರುತ್ತದೆಯಂತೆ. ಹಾಗಿದ್ದರೆ ಹೊಡೆಯಬಹುದಲ್ಲವೇ?

ಉತ್ತರ: ದಯವಿಟ್ಟು ಈಗಲೇ ಹೊಡೆಯಬೇಡಿ. ತೋಟಾ ಒಳಗೆ ಕೂರುತ್ತದೆ ಎಂಬುದು ಕೋವಿ ಅದನ್ನು ತಾಳಿಕೊಳ್ಳುತ್ತದೆ ಎಂಬುದಕ್ಕೆ ಆಧಾರವಲ್ಲ, ಮತ್ತು ಹಳೆಯ ಕೋವಿಗಳ ವಿಷಯದಲ್ಲಿ ತಿಳಿದವರೂ ಮೋಸಹೋಗುವುದು ಇಲ್ಲಿಯೇ.

ಇಂಗ್ಲೆಂಡಿನ ಹಳೆಯ ಹನ್ನೆರಡು ಬೋರಿನ ಕೋವಿಗಳಲ್ಲಿ ಹೆಚ್ಚಿನವುಗಳ ತೋಟಾ ಕೂರುವ ಮನೆ ಎರಡೂವರೆ ಅಂಗುಲ, ಅಂದರೆ ಸುಮಾರು 65 ಮಿಲಿಮೀಟರ್ ಉದ್ದವಿರುತ್ತದೆ. ಈಗ ಸಾಮಾನ್ಯವಾಗಿ ಸಿಗುವ ತೋಟಾದ ಉದ್ದ 70 ಮಿಲಿಮೀಟರ್. ಆದರೂ ಅದು ಒಳಗೆ ಕೂರುವುದೇಕೆಂದರೆ, ಪೆಟ್ಟಿಗೆಯ ಮೇಲೆ ಮುದ್ರಿಸಿದ ಉದ್ದವು ಹೊಡೆದ ಮೇಲೆ ತೋಟಾದ ಬಾಯಿಯ ಮಡಿಕೆ ಪೂರ್ತಿ ಬಿಚ್ಚಿಕೊಂಡಾಗಿನ ಉದ್ದ. ಹೊಡೆಯುವ ಮೊದಲು ಅದು ಅದಕ್ಕಿಂತ ಚಿಕ್ಕದಾಗಿಯೇ ಇರುತ್ತದೆ. ಈಡು ಹಾರಿದ ಕ್ಷಣದಲ್ಲಿ ಆ ಮಡಿಕೆಗೆ ಬಿಚ್ಚಿಕೊಳ್ಳಲು ಜಾಗ ಸಾಲದೆ, ನಳಿಗೆ ಕಿರಿದಾಗುವ ಕಡೆಗೆ ಚಾಚಿ ಚರೆಯ, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳ, ದಾರಿಯನ್ನು ಇಕ್ಕಟ್ಟು ಮಾಡುತ್ತದೆ. ಒಳಗಿನ ಒತ್ತಡ ಒಮ್ಮೆಲೇ ಏರುತ್ತದೆ. ನಳಿಗೆಯ ಆ ಭಾಗದ ಕೆಳಗೇ ಎಡಗೈ ಇರುತ್ತದೆ ಎಂಬುದನ್ನು ನೆನಪಿಡಿ.

ನಿಮ್ಮ ಕೋವಿ ಏನನ್ನು ತಾಳುತ್ತದೆ ಎಂಬುದನ್ನು ಅದರ ಮೈಮೇಲೆಯೇ ಬರೆದಿರುತ್ತಾರೆ. ಪರವಾನಗಿಯುಳ್ಳ ಕೋವಿ ವ್ಯಾಪಾರಿಯಿಂದ ನಳಿಗೆಗಳನ್ನು ಬಿಚ್ಚಿಸಿ, ಬುಡದ ಕೆಳಗಿನ ಚಪ್ಪಟೆ ಜಾಗವನ್ನು ಎಣ್ಣೆಬಟ್ಟೆಯಿಂದ ಒರೆಸಿದರೆ, ಹಳೆಯ ಜಿಡ್ಡಿನ ಅಡಿಯಿಂದ ಉಗುರಿನ ಅರ್ಧದಷ್ಟಿರುವ ಕಿರೀಟದ ಗುರುತುಗಳು ಮೂಡಿಬರುತ್ತವೆ. ಅವು ಲಂಡನ್ನಿನ ಅಥವಾ 1813ರಲ್ಲಿ ಆರಂಭವಾದ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಲಯದ ಮುದ್ರೆಗಳು. ‘ನೈಟ್ರೋ ಪ್ರೂಫ್’ ಎಂಬ ಮಾತು ಅಥವಾ ಅದರ ಕಿರುರೂಪವಾದ NP, BNP ಅಕ್ಷರಗಳು ಅಲ್ಲಿದ್ದರೆ ಹೊಗೆರಹಿತ ಮದ್ದಿಗೆ, ಅಂದರೆ ಇಂದಿನ ತೋಟಾಗಳಲ್ಲಿರುವ ಮದ್ದಿಗೆ, ಪರೀಕ್ಷೆಯಾಗಿದೆ ಎಂದರ್ಥ. ಇಲ್ಲದಿದ್ದರೆ ಅದು ಹಳೆಯ ಬಗೆಯ ಕರಿಮದ್ದಿನ ಕೋವಿ, ಇಂದಿನ ತೋಟಾಕ್ಕೆ ಸಲ್ಲದು ಎಂದೇ ತಿಳಿಯಬೇಕು. ನಳಿಗೆಯ ಮೈಯಲ್ಲಿ ಮರದ ಎಳೆಯಂತೆ ಸುರುಳಿ ಗೆರೆಗಳು ಕಂಡರೆ ಅದು ಡಮಾಸ್ಕಸ್ ನಳಿಗೆ, ಎಂದರೆ ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು, ಸುತ್ತಿ, ಬಡಿದು ಬೆಸೆದದ್ದು. ನೋಡಲು ಅದಕ್ಕಿಂತ ಚೆಲುವಾದ ನಳಿಗೆ ಇನ್ನೊಂದಿಲ್ಲ. ಆದರೆ ಬೆಸುಗೆಯ ನಡುವೆ ಹಿಡಿದ ತುಕ್ಕು ಹೊರಗೆ ಕಾಣುವುದಿಲ್ಲವಾದ್ದರಿಂದ, ನನ್ನ ಮಟ್ಟಿಗೆ ಅಂಥದ್ದನ್ನು ಹೊಡೆಯದೆ ಕಾಪಾಡುವುದೇ ಸರಿ. ಮುದ್ರೆ ಹೊಡೆದ ಮೇಲೆ ಯಾರಾದರೂ ನಳಿಗೆಯ ಒಳಗನ್ನು ಉಜ್ಜಿ ಹಿಗ್ಗಿಸಿರಲೂಬಹುದು. ಹಾಗಾಗಿ ನಳಿಗೆಯ ಗೋಡೆಯ ದಪ್ಪವನ್ನೂ ಅಳೆಯಿಸಬೇಕು.

ಇದಕ್ಕೆಲ್ಲ ಮೊದಲು ಕಾಗದಪತ್ರ ಆಗಬೇಕು. ಪರವಾನಗಿದಾರರು ತೀರಿಕೊಂಡ ಮೇಲೆ ಕೋವಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ತಡಮಾಡದೆ ಠಾಣೆಯಲ್ಲಾಗಲಿ ಪರವಾನಗಿಯುಳ್ಳ ವ್ಯಾಪಾರಿಯಲ್ಲಾಗಲಿ ಜಮಾ ಮಾಡಬೇಕು. ಚುನಾವಣೆಯ ಹೊತ್ತಿಗೆ ಊರಿನವರು ಕೋವಿ ಜಮಾ ಮಾಡುವುದನ್ನು ನೀವು ನೋಡಿರುತ್ತೀರಿ. 2016ರ ಶಸ್ತ್ರಾಸ್ತ್ರ ನಿಯಮಗಳು ವಾರಸುದಾರರಿಗೆ ಪರವಾನಗಿ ಕೊಡಲು ಅವಕಾಶ ಮಾಡಿವೆ. ನೀವು ಪುಣೆ ನಗರದಲ್ಲಿರುವುದರಿಂದ ಪೊಲೀಸ್ ಆಯುಕ್ತರ ಕಚೇರಿಗೆ ಅರ್ಜಿ ಹಾಕಬೇಕು. ಪರವಾನಗಿ ಕೈಗೆ ಬರುವ ತನಕ ಕೋವಿಯನ್ನು ಶಿರಸಿಯಿಂದ ಬಸ್ಸಿನಲ್ಲೋ ಕಾರಿನಲ್ಲೋ ತರಲು ಹೋಗಬೇಡಿ.

ಅಜ್ಜನ ಕಾಲದ ಬೇಟೆಯಂತೂ ಈಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ 1991ರ ತಿದ್ದುಪಡಿಯ ನಂತರ ಕಾಡುಕೋಳಿಯನ್ನಾಗಲಿ ಗೌಜಲಹಕ್ಕಿಯನ್ನಾಗಲಿ ಹೊಡೆಯುವುದು ಅಪರಾಧ. ಕೋವಿ ಎಲ್ಲ ಪರೀಕ್ಷೆಗಳಲ್ಲೂ ಗೆದ್ದರೆ ಅದಕ್ಕೆ ಉಳಿದಿರುವುದು ಶೂಟಿಂಗ್ ರೇಂಜಿನಲ್ಲಿ ಹಾರಿಸುವ ಮಣ್ಣಿನ ಬಿಲ್ಲೆ ಮಾತ್ರ. ಆಗಲೂ, ನಿಮ್ಮ ಪಕ್ಕದ ಖಡ್ಕಿಯ ಮದ್ದುಗುಂಡು ಕಾರ್ಖಾನೆಯ ತೋಟಾವನ್ನೇ ಕೊಳ್ಳುವುದಾದರೂ, ಪೆಟ್ಟಿಗೆಯ ಮೇಲಿನ ಉದ್ದವನ್ನು ನಳಿಗೆಯಲ್ಲಿ ತೋಟಾ ಕೂರುವ ಮನೆಯ ಅಳತೆಯೊಂದಿಗೆ ಅಂಗಡಿಯಲ್ಲಿಯೇ ತಾಳೆ ನೋಡಿ ತೆಗೆದುಕೊಳ್ಳಿ.